ಅಚ್ಚು ಹಾಕಿದ ಅಪರಾಧ

ವಿಕಿಲೀಕ್ಸ್ ಸಂಸ್ಥೆಯ ಸ್ಥಾಪಕರಾದ ಶ್ರೀ ಜೂಲಿಯನ್ ಅಸಾಂಜ್‌ರ ಮೇಲೆ ಅಮೆರಿಕದ ಸರಕಾರವು ಹೂಡಿದ್ದ ಮೊಕದ್ದಮೆಯು 2024ರ ಜೂನ್ 26ರಂದು, ಪೆಸಿಫಿಕ್ ಮಹಾಸಾಗರದ ಸೈಪಾನ್ ಎಂಬ ಚಿಕ್ಕ ದ್ವೀಪದ ನ್ಯಾಯಾಲಯದಲ್ಲಿ, ಸುಮಾರು ಮೂರು ತಾಸುಗಳಲ್ಲಿ ಮುಗಿದುಹೋಯಿತು. ಹದಿನೆಂಟು ಆಪಾದನೆಗಳನ್ನು ಹೊರಿಸಿ, ಎಲ್ಲವೂ ಸಾಬೀತಾದರೆ 175 ವರ್ಷಗಳ ಸೆರೆವಾಸವೆಂದು ಗುಡುಗಿದ್ದ ಸರಕಾರವು ಕಟ್ಟಕಡೆಗೆ ಒಂದೇ ಒಂದು ಆಪಾದನೆಗೆ ತಪ್ಪೊಪ್ಪಿಗೆಯನ್ನು ಪಡೆದು, ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಅವರು ಅದಾಗಲೇ ಕಳೆದಿದ್ದ 62 ತಿಂಗಳುಗಳನ್ನೇ ಶಿಕ್ಷೆಯೆಂದು ಎಣಿಸಿ, ಅವರನ್ನು ಬಿಟ್ಟುಬಿಟ್ಟಿತು. ಅದೇ ದಿನ ಅವರು ತಮ್ಮ ತಾಯ್ನಾಡಾದ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರವನ್ನು ಸೇರಿದರು. ಮನುಷ್ಯನು ಬಿಡುಗಡೆ ಹೊಂದಿದ್ದರಿಂದ ಪ್ರಕರಣವೂ ಇತ್ಯರ್ಥವಾಯಿತೆಂಬ ಭಾವನೆ ಆಗಿನಿಂದ ಎಲ್ಲೆಡೆ ಹಬ್ಬಿದೆ. ನಮಗೆ ಹಾಗೆನಿಸುವುದಿಲ್ಲ. ಆ ಪ್ರಕರಣವು ಎತ್ತಿದ ಮುಖ್ಯ ಪ್ರಶ್ನೆಗೆ ಯಾವ ನ್ಯಾಯಾಲಯವೂ ಕೊನೆಯ ಉತ್ತರವನ್ನು ಹೇಳಿಲ್ಲ. ಮತ್ತು ಆ ಪ್ರಶ್ನೆಯು ಕೇವಲ ಅಮೆರಿಕಕ್ಕೆ ಸೇರಿದ್ದೂ ಅಲ್ಲ.

ಪ್ರಶ್ನೆ ಇಷ್ಟೇ. ಸರಕಾರದ ಗುಟ್ಟನ್ನು ಕಾಪಾಡುತ್ತೇನೆಂದು ವಚನವಿತ್ತು ಸಂಬಳ ಪಡೆಯುವ ನೌಕರನು ಅದನ್ನು ಹೊರಗೆಡಹಿದರೆ ಅದೊಂದು ಸಂಗತಿ. ಅಂತಹ ವಚನವನ್ನೇ ಕೊಡದ, ಆ ದೇಶದ ಪ್ರಜೆಯೂ ಅಲ್ಲದ ಪ್ರಕಾಶಕನೊಬ್ಬನು ತನ್ನ ಕೈಗೆ ಬಂದುದನ್ನು ಅಚ್ಚು ಹಾಕಿದರೆ ಅದೂ ಅದೇ ಅಪರಾಧವಾಗುತ್ತದೆಯೋ?

ನಮ್ಮ ವಾಚಕರಲ್ಲಿ ಹೋಟೆಲುಗಳಲ್ಲಿ ದುಡಿಯುವವರು ಬಹು ಮಂದಿ. ಮೇಜಿನ ಮೇಲೆ ಚಹಾ ಇಡುವ ಮಾಣಿಯ ಕಿವಿಗೆ ದಿನವೊಂದಕ್ಕೆ ಎಷ್ಟು ವ್ಯಾಪಾರದ ಗುಟ್ಟುಗಳು, ಎಷ್ಟು ಮನೆವಾರ್ತೆಗಳು ಬೀಳುತ್ತವೆಂಬುದನ್ನು ಅವರೇ ಬಲ್ಲರು. ಕೇಳಿದ್ದನ್ನು ಕೇಳದಂತೆ ಇದ್ದುಬಿಡುವುದು ಆ ಕಸುಬಿನ ಮರ್ಯಾದೆ. ಆದರೆ ಆ ಮೇಜಿನಲ್ಲಿ ಕುಳಿತ ಇಬ್ಬರು ಕಲಬೆರಕೆಯ ಎಣ್ಣೆಯನ್ನು ಊರಿಗೆಲ್ಲ ಹಂಚುವ ಮಾತನ್ನಾಡುತ್ತಿದ್ದರೆ, ಆ ಹುಡುಗನು ಅದನ್ನು ಹೊರಗೆ ಹೇಳಿದರೆ, ಪತ್ರಿಕೆಯೊಂದು ಅದನ್ನು ವಿಚಾರಿಸಿ ಪ್ರಕಟಿಸಿದರೆ, ಧಣಿಗಳು ಹುಡುಗನನ್ನು ಗದರಿಸಬಹುದು, ಕೆಲಸದಿಂದಲೂ ತೆಗೆಯಬಹುದು. ಅಚ್ಚು ಹಾಕಿದವನ ಕೈಗೆ ಬೇಡಿ ತೊಡಿಸಬೇಕೆಂದು ಯಾರೂ ಹೇಳಲಾರರು. ಇನ್ನು ಕಚೇರಿಗಳಲ್ಲಿರುವ ನಮ್ಮ ಕಾರಕೂನ ಬಂಧುಗಳಿಗೆ 'ಗೋಪ್ಯ'ವೆಂಬ ಮೊಹರು ಎಷ್ಟು ಸಲೀಸಾಗಿ ಬೀಳುತ್ತದೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ. ದೇಶದ ರಕ್ಷಣೆಗೆ ಸಂಬಂಧಿಸಿದ ಕಾಗದಕ್ಕೂ ಅದೇ ಮೊಹರು, ಮೇಲಧಿಕಾರಿಯ ಎಡವಟ್ಟನ್ನು ಮುಚ್ಚುವ ಕಾಗದಕ್ಕೂ ಅದೇ ಮೊಹರು.

ಶ್ರೀ ಅಸಾಂಜ್‌ರು ಅಚ್ಚು ಹಾಕಿದ್ದೇನೆಂಬುದನ್ನು ಮೊದಲು ನೋಡೋಣ. ವಿಕಿಲೀಕ್ಸ್ 2006ರಲ್ಲಿ ಸ್ಥಾಪನೆಗೊಂಡ ಸಂಸ್ಥೆ. ಅದು ಜಗತ್ಪ್ರಸಿದ್ಧವಾದದ್ದು 2010ರ ಏಪ್ರಿಲಿನಲ್ಲಿ, ಒಂದು ಚಲನಚಿತ್ರದ ತುಣುಕಿನಿಂದ. 2007ರ ಜುಲೈ 12ರಂದು ಇರಾಕಿನ ಬಾಗ್ದಾದಿನಲ್ಲಿ ಅಮೆರಿಕದ ಸೈನಿಕ ಹೆಲಿಕಾಪ್ಟರುಗಳು ಬೀದಿಯಲ್ಲಿದ್ದ ಜನರ ಮೇಲೆ ಗುಂಡಿನ ಮಳೆಗರೆದುದನ್ನು ಆ ಹೆಲಿಕಾಪ್ಟರಿನ ಕ್ಯಾಮರಾವೇ ಸೆರೆಹಿಡಿದಿತ್ತು. ಸತ್ತವರಲ್ಲಿ ರಾಯಿಟರ್ಸ್ ವಾರ್ತಾಸಂಸ್ಥೆಯ ಛಾಯಾಚಿತ್ರಗ್ರಾಹಕ ನಮೀರ್ ನೂರ್ ಎಲ್ದೀನ್ ಹಾಗೂ ಅವರ ಸಹಾಯಕ ಸಯೀದ್ ಚ್ಮಾಗ್ ಇದ್ದರು. ಗಾಯಗೊಂಡು ತೆವಳುತ್ತಿದ್ದವನನ್ನು ಎತ್ತಿಕೊಳ್ಳಲು ಒಂದು ವ್ಯಾನು ಬಂದು ನಿಂತಿತು. ಅದರ ಮೇಲೂ ಗುಂಡು ಹಾರಿತು. ಒಳಗಿದ್ದ ಇಬ್ಬರು ಮಕ್ಕಳು ಗಾಯಗೊಂಡರು. ಅವರ ತಂದೆ ಸತ್ತನು. ಆ ಗುಂಪಿನಲ್ಲಿ ಕೆಲವರ ಕೈಯಲ್ಲಿ ಆಯುಧಗಳಿದ್ದವೆಂದೂ, ಕ್ಯಾಮರಾವನ್ನು ಆಯುಧವೆಂದು ಭ್ರಮಿಸಲಾಯಿತೆಂದೂ, ಸೈನಿಕರು ನಿಯಮ ಮೀರಲಿಲ್ಲವೆಂದೂ ಸೈನ್ಯವು ತಾನೇ ನಡೆಸಿದ ವಿಚಾರಣೆಯಲ್ಲಿ ತೀರ್ಮಾನಿಸಿತ್ತು. ಇರಬಹುದು. ಆದರೆ ತನ್ನ ನೌಕರರಿಬ್ಬರು ಹೇಗೆ ಸತ್ತರೆಂದು ತಿಳಿಯಲು ರಾಯಿಟರ್ಸ್ ಸಂಸ್ಥೆಯು ಆ ದೇಶದ ಮಾಹಿತಿ ಸ್ವಾತಂತ್ರ್ಯ ಕಾನೂನಿನ ಪ್ರಕಾರವೇ ಆ ಚಿತ್ರವನ್ನು ಕೇಳಿದ್ದಾಗ ಅದು ದೊರೆಯಲಿಲ್ಲವೆಂಬುದೂ ನಿಜ. ಬಾಗಿಲು ತಟ್ಟಿ ಕೇಳಿದವರಿಗೆ ಸಿಗದ್ದು ಕಿಟಕಿಯಿಂದ ಹೊರಗೆ ಬಂದಿತು. ಆ ಚಿತ್ರವನ್ನು ನೋಡಿದ ಮೇಲೆ, ಅದು ಯಾವ ದೇಶದ ಯಾವ ರಕ್ಷಣೆಗಾಗಿ ಗುಟ್ಟಾಗಿರಬೇಕಿತ್ತೆಂಬುದು ನಮಗಂತೂ ಇಂದಿಗೂ ತಿಳಿದಿಲ್ಲ.

ಅದೇ ವರ್ಷ ಅಫಘಾನಿಸ್ಥಾನದ ಯುದ್ಧದ ಸುಮಾರು 75,000 ವರದಿಗಳು, ಇರಾಕ್ ಯುದ್ಧದ 3,91,832 ವರದಿಗಳು, ಬಳಿಕ ಅಮೆರಿಕದ ರಾಯಭಾರಿಗಳು ತಮ್ಮ ರಾಜಧಾನಿಗೆ ಬರೆದ ಎರಡೂವರೆ ಲಕ್ಷ ತಂತಿ ಪತ್ರಗಳು ಹೊರಬಂದವು. ಇವನ್ನು ಶ್ರೀ ಅಸಾಂಜ್‌ರು ಒಬ್ಬರೇ ಪ್ರಕಟಿಸಲಿಲ್ಲ. ಲಂಡನ್ನಿನ ಗಾರ್ಡಿಯನ್, ಅಮೆರಿಕದ ನ್ಯೂಯಾರ್ಕ್ ಟೈಮ್ಸ್, ಜರ್ಮನಿಯ ಡೆರ್ ಸ್ಪೀಗಲ್ ಮೊದಲಾದ ಪ್ರತಿಷ್ಠಿತ ಪತ್ರಿಕೆಗಳು ಜೊತೆಗೂಡಿ ತಿಂಗಳುಗಟ್ಟಲೆ ಪರಿಶೀಲಿಸಿ, ಆರಿಸಿ, ಪ್ರಕಟಿಸಿದವು. ಆ ಪತ್ರಿಕೆಗಳ ಸಂಪಾದಕರಾರೂ ಸೆರೆಮನೆ ಕಾಣಲಿಲ್ಲ. ಕಾಣಬೇಕಿತ್ತೆಂದು ನಾವು ಹೇಳುತ್ತಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬನ ಎಲೆಯನ್ನು ಮಾತ್ರ ಎತ್ತಿದ್ದೇಕೆಂದು ಕೇಳುತ್ತಿದ್ದೇವೆ.

ಈ ಕಾಗದಗಳನ್ನು ಒದಗಿಸಿದವರು ಇರಾಕಿನಲ್ಲಿದ್ದ ಕಿರಿಯ ಸೈನಿಕ ನೌಕರರು, ಇಂದು ಚೆಲ್ಸೀ ಮ್ಯಾನಿಂಗ್ ಎಂದು ಹೆಸರಾದವರು. ಅವರು 2010ರ ಮೇ ತಿಂಗಳಲ್ಲಿ ಬಂಧಿತರಾದರು. 2013ರಲ್ಲಿ ಸೈನಿಕ ನ್ಯಾಯಾಲಯವು ಅವರಿಗೆ 35 ವರ್ಷಗಳ ಶಿಕ್ಷೆ ವಿಧಿಸಿತು. 2017ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾರವರು ಅದನ್ನು ಕಡಿಮೆ ಮಾಡಿದ್ದರಿಂದ ಅದೇ ವರ್ಷದ ಮೇ ತಿಂಗಳಲ್ಲಿ ಹೊರಬಂದರು. ಅಲ್ಲಿಗೂ ಮುಗಿಯಲಿಲ್ಲ. ಶ್ರೀ ಅಸಾಂಜ್‌ರ ವಿರುದ್ಧ ಸಾಕ್ಷ್ಯ ಹೇಳಲು ಒಪ್ಪದ್ದಕ್ಕಾಗಿ 2019ರಲ್ಲಿ ಅವರನ್ನು ಪುನಃ ಸೆರೆಯಲ್ಲಿಡಲಾಯಿತು. ನಡುವೆ ಕೆಲವು ದಿನಗಳ ಬಿಡುವನ್ನುಳಿದು 2020ರ ಮಾರ್ಚಿನವರೆಗೂ ಅಲ್ಲಿಯೇ ಇದ್ದರು. ವಚನಭಂಗದ ಶಿಕ್ಷೆಯನ್ನು ಈ ನೌಕರರು ತಲೆಬಾಗಿ ಅನುಭವಿಸಿದ್ದಾರೆ. ಅವರ ಧೈರ್ಯದ ಬಗೆಗೆ ಎರಡು ಮಾತಿಲ್ಲ.

ಹೀಗೆಂದ ಮಾತ್ರಕ್ಕೆ ಶ್ರೀ ಅಸಾಂಜ್‌ರನ್ನು ಹೂವಿನ ಪಲ್ಲಕ್ಕಿಯಲ್ಲಿ ಕುಳ್ಳಿರಿಸಲು ನಾವು ಸಿದ್ಧರಿಲ್ಲ. ಅಫಘಾನ್ ವರದಿಗಳಲ್ಲಿ, ಪರದೇಶದ ಸೈನ್ಯಕ್ಕೆ ಸುದ್ದಿ ಕೊಟ್ಟ ಬಡ ಹಳ್ಳಿಗರ ಹೆಸರುಗಳು ಸೇರಿದ್ದವು. 2011ರ ಸೆಪ್ಟೆಂಬರಿನಲ್ಲಿ ರಾಯಭಾರಿಗಳ ಪತ್ರಗಳೆಲ್ಲವೂ ಒಂದು ಹೆಸರನ್ನೂ ಮರೆಮಾಡದೆ ಪ್ರಕಟವಾದವು. ಅಲ್ಲಿಯವರೆಗೆ ಜೊತೆಗಿದ್ದ ಪತ್ರಿಕೆಗಳೇ ಅದನ್ನು ಖಂಡಿಸಿದವು. ಬೀಗದ ಕೈ ಹೊರಬಿದ್ದದ್ದು ಗಾರ್ಡಿಯನ್ನಿನ ಪತ್ರಕರ್ತರು ಬರೆದ ಪುಸ್ತಕದಿಂದಲೇ ಎಂದು ವಿಕಿಲೀಕ್ಸ್ ದೂರಿತು. ಆ ಜಗಳ ಇಂದಿಗೂ ಬಗೆಹರಿದಿಲ್ಲ. ಈ ಪ್ರಕಟಣೆಯಿಂದ ಸತ್ತರೆಂದು ಹೆಸರಿಸಬಹುದಾದ ಒಬ್ಬರನ್ನೂ ತಾವು ಅರಿಯೆವೆಂದು ಹಾನಿಯ ಅಂದಾಜು ಮಾಡಿದ ಸೇನಾಧಿಕಾರಿಯೇ 2013ರಲ್ಲಿ ಮ್ಯಾನಿಂಗ್‌ರ ವಿಚಾರಣೆಯಲ್ಲಿ ನುಡಿದರು. ಸೈಪಾನಿನ ನ್ಯಾಯಾಧೀಶೆಯೂ ಈ ಪ್ರಕರಣದಲ್ಲಿ ಇಂಥವರಿಗೇ ಕೇಡಾಯಿತೆಂದು ಸರಕಾರ ತೋರಿಸಿಲ್ಲವೆಂಬ ಅಂಶವನ್ನು ಗಮನಿಸಿದರು. ಆದರೂ ಕೇಡಾಗಲಿಲ್ಲವೆಂಬುದು ಅದೃಷ್ಟ. ಅದನ್ನು ಎಚ್ಚರಿಕೆಯೆಂದು ಕರೆಯಲಾಗದು. ಅಚ್ಚಿನ ಮೊಳೆ ಜೋಡಿಸುವವನಿಗೆ ಕೆಲವು ಹೆಸರುಗಳನ್ನು ಬಿಡುವ ವಿವೇಕವೂ ಇರಬೇಕು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡುವಂತಿಲ್ಲ. 2010ರ ಆಗಸ್ಟಿನಲ್ಲಿ ಸ್ವೀಡನ್ ದೇಶದ ಇಬ್ಬರು ಮಹಿಳೆಯರು ಅವರ ಮೇಲೆ ಲೈಂಗಿಕ ದೌರ್ಜನ್ಯದ ದೂರಿತ್ತಿದ್ದರು. ಶ್ರೀ ಅಸಾಂಜ್‌ರು ಅದನ್ನು ಅಲ್ಲಗಳೆದರು. ಆ ದೂರು ಒಮ್ಮೆಯೂ ನ್ಯಾಯಾಲಯದ ಕಟ್ಟೆಯನ್ನು ಏರಲಿಲ್ಲ. ಸ್ವೀಡನ್ನಿಗೆ ಹೋದರೆ ಅಲ್ಲಿಂದ ಅಮೆರಿಕಕ್ಕೆ ಒಪ್ಪಿಸುವರೆಂದು ಇವರು ಹೋಗಲೊಲ್ಲರು. ಲಂಡನ್ನಿಗೆ ಬಂದು ಹೇಳಿಕೆ ಪಡೆಯಲು ಸ್ವೀಡನ್ನಿನವರು 2016ರ ನವೆಂಬರಿನವರೆಗೂ ತಡ ಮಾಡಿದರು. ಕೆಲವು ಆರೋಪಗಳು 2015ರಲ್ಲಿ ಕಾಲಾವಧಿ ಮೀರಿ ಬಿದ್ದುಹೋದವು. ಉಳಿದದ್ದನ್ನು 2017ರಲ್ಲಿ ಕೈಬಿಟ್ಟು, 2019ರ ಮೇಯಲ್ಲಿ ಮತ್ತೆ ತೆರೆದು, ಅದೇ ನವೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ತಪ್ಪು ಮಾಡಿದರೋ ಇಲ್ಲವೋ ಎಂಬುದು ತೀರ್ಮಾನವಾಗಲೇ ಇಲ್ಲ. ಈ ದೀರ್ಘ ಕಥೆಯಲ್ಲಿ ನ್ಯಾಯ ಸಿಗದವರ ಪಟ್ಟಿ ಮಾಡುವವರು ಆ ಇಬ್ಬರು ಹೆಂಗಸರನ್ನು ಮರೆಯಬಾರದು. ಶ್ರೀ ಅಸಾಂಜ್‌ರ ಭಕ್ತರು ಬಹುಮಟ್ಟಿಗೆ ಮರೆತಿದ್ದಾರೆ.

2016ರ ಅಮೆರಿಕದ ಚುನಾವಣೆಯ ಸಮಯದಲ್ಲಿ ಒಂದು ಪಕ್ಷದವರ ಪತ್ರಗಳನ್ನು ಮಾತ್ರ ಅವರ ಸಂಸ್ಥೆ ಕಂತುಕಂತಾಗಿ ಪ್ರಕಟಿಸಿದ್ದೂ, ಅವು ರಷ್ಯದ ಸೈನಿಕ ಬೇಹುಗಾರರು ಕದ್ದ ಪತ್ರಗಳೆಂದು ಅಮೆರಿಕದ ತನಿಖಾಧಿಕಾರಿಗಳು 2018ರಲ್ಲಿ ಆಪಾದಿಸಿದ್ದೂ ಅವರ ಕೀರ್ತಿಯನ್ನು ಮಸುಕುಗೊಳಿಸಿದವು. ಆಗ ಅವರ ಸಂಸ್ಥೆಯನ್ನು ಸಭೆ ಸಭೆಗಳಲ್ಲಿ ಹೊಗಳಿದ ಶ್ರೀ ಟ್ರಂಪ್‌ರ ಸರಕಾರವೇ 2019ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿತು. ರಾಜಕಾರಣದಲ್ಲಿ ಹೊಗಳಿಕೆಗೆ ಎಷ್ಟು ಬೆಲೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಅವರ ಮೇಲೆ ನಡೆದುದು ನ್ಯಾಯವೆನಿಸದು. 2012ರ ಮೇ 30ರಂದು ಇಂಗ್ಲೆಂಡಿನ ಪರಮೋಚ್ಚ ನ್ಯಾಯಾಲಯವು ಸ್ವೀಡನ್ನಿಗೆ ಒಪ್ಪಿಸಲು ಅಡ್ಡಿಯಿಲ್ಲವೆಂದಿತು. ಜೂನ್ 19ರಂದು ಅವರು ಜಾಮೀನಿನ ಕಟ್ಟಳೆಯನ್ನು ಮುರಿದು ಲಂಡನ್ನಿನಲ್ಲಿರುವ ಈಕ್ವೆಡಾರ್ ದೇಶದ ರಾಯಭಾರಿ ಕಚೇರಿಯನ್ನು ಹೊಕ್ಕರು. ಆ ಸಣ್ಣ ದೇಶ ಆಶ್ರಯವಿತ್ತಿತು. ಹೊರಗೆ ಪೋಲೀಸರು ಹಗಲಿರುಳು ಕಾವಲು ನಿಂತರು. 2015ರ ಅಕ್ಟೋಬರಿನಲ್ಲಿ ಆ ಕಾವಲನ್ನು ತೆಗೆಯುವ ಹೊತ್ತಿಗೆ 1 ಕೋಟಿ 20 ಲಕ್ಷ ಪೌಂಡುಗಳಿಗೂ ಮಿಕ್ಕ ವೆಚ್ಚವಾಗಿತ್ತು. ಒಳಗೆ, ಅಂಗಳವೂ ಇಲ್ಲದ ಒಂದು ಮಹಡಿಯ ಕೋಣೆಗಳಲ್ಲಿ, ಅವರು ಏಳು ವರ್ಷಗಳಿಗೆ ಕೆಲವೇ ತಿಂಗಳು ಕಡಿಮೆ ಕಾಲ ಕಳೆದರು. ಒಂದು ಖೋಲಿಯಲ್ಲಿ ಎಂಟು ಹತ್ತು ಮಂದಿ ಮಲಗಿ ಏಳುವ ನಮ್ಮವರಿಗೆ ಇಕ್ಕಟ್ಟೆಂದರೇನೆಂದು ಗೊತ್ತು; ಆದರೆ ನಮ್ಮವರು ಬೆಳಗಾದರೆ ಬೀದಿಗೆ ಇಳಿಯುತ್ತಾರೆ. ಈಕ್ವೆಡಾರಿನಲ್ಲಿ ಅಧ್ಯಕ್ಷರು ಬದಲಾದರು, ಆತಿಥ್ಯವೂ ಹಳಸಿತು. 2019ರ ಏಪ್ರಿಲ್ 11ರಂದು ಪೋಲೀಸರನ್ನು ಒಳಗೆ ಕರೆದು ಅವರನ್ನು ಹೊರಗೆಳೆಸಲಾಯಿತು. ಜಾಮೀನು ಮುರಿದುದಕ್ಕೆ 50 ವಾರಗಳ ಶಿಕ್ಷೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ, ಕಟ್ಟಳೆ ಕಟ್ಟಳೆಯೇ. ಆದರೆ ಆ 50 ವಾರಗಳು ತೀರಿದ ಮೇಲೆಯೂ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ, ಇನ್ನಾವ ಅಪರಾಧವೂ ಸಿದ್ಧವಾಗದೆ, ಘೋರ ಪಾತಕಿಗಳನ್ನಿಡುವ ಸೆರೆಮನೆಯಲ್ಲಿ ಅವರನ್ನು ಕೂಡಿಟ್ಟರಲ್ಲ, ಅದು ಯಾವ ಕಟ್ಟಳೆ?

ಖಟ್ಲೆಯೇ ಶಿಕ್ಷೆಯಾಗುವ ಬಗೆಯನ್ನು ನಮ್ಮ ಜನರು ಚೆನ್ನಾಗಿ ಬಲ್ಲರು. ಊರಿನ ಅಂಗೈಯಗಲ ಗದ್ದೆಗಾಗಿ ತಂದೆಯ ಕಾಲದಲ್ಲಿ ಹೂಡಿದ ದಾವೆಗೆ ಮಗನು ಮುಂಬಯಿಯಿಂದ ರಜೆ ಹಾಕಿ ಹೋಗಿ, ಮುಂದಿನ ತಾರೀಖನ್ನು ಹಿಡಿದು ಮರಳುವುದು ನಮ್ಮಲ್ಲಿ ಹೊಸದಲ್ಲ. ಶ್ರೀ ಅಸಾಂಜ್‌ರ ಗತಿಯೂ ಅದೇ ಆಯಿತು, ವ್ಯತ್ಯಾಸವೆಂದರೆ ತಾರೀಖುಗಳ ನಡುವೆ ಅವರು ಮನೆಗೆ ಹೋಗುವಂತಿರಲಿಲ್ಲ. 2021ರ ಜನವರಿ 4ರಂದು ನ್ಯಾಯಾಧೀಶೆ ವನೆಸ್ಸಾ ಬರೈಟ್ಸರ್ ಅವರು, ಇವರ ಮನಃಸ್ಥಿತಿಯನ್ನು ನೋಡಿದರೆ ಅಮೆರಿಕದ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಭಯವಿದೆಯೆಂದು ಹೇಳಿ ಒಪ್ಪಿಸಲು ನಿರಾಕರಿಸಿದರು. ಪತ್ರಿಕಾ ಸ್ವಾತಂತ್ರ್ಯದ ವಾದವನ್ನು ಮಾತ್ರ ಅವರು ಅಂಗೀಕರಿಸಲಿಲ್ಲ. ಡಿಸೆಂಬರಿನಲ್ಲಿ, ಅಮೆರಿಕವು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿತೆಂದು ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. 2022ರ ಜೂನಿನಲ್ಲಿ ಗೃಹಮಂತ್ರಿಣಿ ಶ್ರೀಮತಿ ಪ್ರೀತಿ ಪಟೇಲರು ರುಜು ಹಾಕಿದರು. ಮತ್ತೆ ಅಪೀಲು.

2024ರ ಮಾರ್ಚಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಕೇಳಿದ ಒಂದು ಪ್ರಶ್ನೆ ಇಡೀ ಪ್ರಕರಣದ ತಿರುಳಾಗಿದೆಯೆಂದು ನಮ್ಮ ಅಭಿಪ್ರಾಯ. ಅಮೆರಿಕದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯು ವಾಕ್‌ಸ್ವಾತಂತ್ರ್ಯವನ್ನೂ ಪತ್ರಿಕಾ ಸ್ವಾತಂತ್ರ್ಯವನ್ನೂ ಕಾಪಾಡುತ್ತದೆ. ಪರದೇಶೀಯನಾದ ಆಪಾದಿತನಿಗೆ ಆ ರಕ್ಷಣೆ ದೊರೆಯದೆಂದು ವಾದಿಸಬಹುದೆಂದು ಅಮೆರಿಕದ ಸರಕಾರಿ ವಕೀಲರೊಬ್ಬರು ಈ ಮೊದಲು ಬರೆದುಕೊಟ್ಟಿದ್ದರು. ಹಾಗಾದರೆ ಶ್ರೀ ಅಸಾಂಜ್‌ರಿಗೆ ಆ ರಕ್ಷಣೆ ದೊರೆಯುವುದೋ ಇಲ್ಲವೋ, ಭರವಸೆ ಕೊಡಿರೆಂದು ಇಂಗ್ಲೆಂಡಿನ ನ್ಯಾಯಮೂರ್ತಿಗಳು ಕೇಳಿದರು. ಬಂದ ಉತ್ತರ ಅವರಿಗೆ ಸಾಲದಾಯಿತು. ಮೇ 20ರಂದು ಅಪೀಲಿಗೆ ಅನುಮತಿ ದೊರೆಯಿತು. ಇದರ ಅರ್ಥವನ್ನು ವಾಚಕರು ವಿಚಾರಿಸಬೇಕು. ಆಸ್ಟ್ರೇಲಿಯದ ಪ್ರಜೆ, ಯುರೋಪಿನಲ್ಲಿ ಕುಳಿತು ಪ್ರಕಟಿಸಿದವನು. ಅವನನ್ನು ದಂಡಿಸಲು ಅಮೆರಿಕದ ಕಾನೂನಿನ ತೋಳು ಸಮುದ್ರ ದಾಟಿ ಬರುತ್ತದೆ. ಅವನನ್ನು ರಕ್ಷಿಸಬೇಕೆಂದಾಗ ಅದೇ ತೋಳು ತನ್ನ ದಡದಲ್ಲಿಯೇ ನಿಲ್ಲುತ್ತದೆ. ದಂಡ ತೆರುವಾಗ ನೀನು ನಮ್ಮವನು, ಹಕ್ಕು ಕೇಳುವಾಗ ನೀನು ಹೊರಗಿನವನು ಎಂಬ ಮಾತಿನ ರುಚಿ, ಊರು ಬಿಟ್ಟು ದುಡಿಯಲು ಬಂದವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಅಪೀಲಿನ ವಿಚಾರಣೆ ನಡೆದಿದ್ದರೆ ಒಂದು ತೀರ್ಪು ಬರುತ್ತಿತ್ತು. ಅದಕ್ಕೆ ಮೊದಲೇ ರಾಜಿಯಾಯಿತು. ಹೊರಿಸಿದ ಹದಿನೆಂಟರಲ್ಲಿ ಹದಿನೇಳು ಆಪಾದನೆಗಳು 1917ರ ಬೇಹುಗಾರಿಕೆ ಕಾನೂನಿನವು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಗೂಢಚಾರರನ್ನು ಹಿಡಿಯಲು ಮಾಡಿದ ಕಾನೂನು ಅದು. ಜನಹಿತಕ್ಕಾಗಿ ಪ್ರಕಟಿಸಿದೆನೆಂಬ ಸಮರ್ಥನೆಗೆ ಅದರಲ್ಲಿ ಎಡೆಯಿಲ್ಲ. ಹದಿನೆಂಟನೆಯದು, ಗುಪ್ತಸಂಕೇತವೊಂದನ್ನು ಬಿಡಿಸಲು ಮ್ಯಾನಿಂಗ್‌ರಿಗೆ ನೆರವಾಗಲು ಒಪ್ಪಿದರೆಂಬುದು. ಆ ಒಂದೇ ಆಪಾದನೆಯನ್ನು ಹೊರಿಸಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಬೀಗ ಮುರಿಯುವುದು ಪತ್ರಕರ್ತನ ಕೆಲಸವಲ್ಲ. ಮುರಿದಿದ್ದರೆ ಅದಕ್ಕೆ ಐದು ವರ್ಷಗಳ ಗರಿಷ್ಠ ಶಿಕ್ಷೆಯ ಕಾನೂನಿತ್ತು. ಆದರೆ ಉಳಿದ ಹದಿನೇಳರಲ್ಲಿ ಕಾಗದ ಪಡೆದದ್ದು, ಇಟ್ಟುಕೊಂಡದ್ದು, ಮೂರರಲ್ಲಿ ಕೇವಲ ಪ್ರಕಟಿಸಿದ್ದು ಇವೇ ಅಪರಾಧಗಳಾಗಿ ನಿಂತಿವೆ. ಮೂಲದಾರನನ್ನು ಮಾತನಾಡಿಸುವುದು, ಇನ್ನಷ್ಟು ಕಾಗದವಿದೆಯೇ ಎಂದು ಕೇಳುವುದು, ಅವನ ಹೆಸರನ್ನು ಗುಟ್ಟಾಗಿಡುವುದು ಎಲ್ಲ ಪತ್ರಿಕೆಗಳ ದಿನನಿತ್ಯದ ಕಸುಬು.

1971ರಲ್ಲಿ ವಿಯೆಟ್ನಾಮ್ ಯುದ್ಧದ ಗುಪ್ತ ಇತಿಹಾಸವನ್ನು ಶ್ರೀ ಡೇನಿಯಲ್ ಎಲ್ಸ್‌ಬರ್ಗ್‌ರು ಪತ್ರಿಕೆಗಳಿಗೆ ಒದಗಿಸಿದಾಗ ನಿಕ್ಸನ್ ಸರಕಾರವು ಪ್ರಕಟಣೆಯನ್ನು ತಡೆಯಹೊರಟು ಸೋತಿತು. ಪರಮೋಚ್ಚ ನ್ಯಾಯಾಲಯದ ಆರು ಮಂದಿ ಪತ್ರಿಕೆಗಳ ಪಕ್ಷ, ಮೂವರು ಸರಕಾರದ ಪಕ್ಷ. 115 ವರ್ಷಗಳವರೆಗೆ ಶಿಕ್ಷೆಯಾಗಬಹುದಾಗಿದ್ದ ಎಲ್ಸ್‌ಬರ್ಗ್‌ರ ಮೇಲಿನ ಮೊಕದ್ದಮೆಯೂ, ಅವರ ವೈದ್ಯರ ಕಚೇರಿಗೆ ಸರಕಾರದವರೇ ಕನ್ನ ಹಾಕಿಸಿದ್ದು ಬಯಲಾಗಿ, 1973ರಲ್ಲಿ ವಜಾ ಆಯಿತು. ಆಗಲೂ ಪ್ರಕಟಿಸಿದ ಪತ್ರಿಕೆಯ ಮೇಲೆ ಬೇಹುಗಾರಿಕೆಯ ಆಪಾದನೆ ಹೊರಿಸಲಿಲ್ಲ. ಗುಟ್ಟು ಹೊರಗೆಡಹಿದ ನೌಕರರನ್ನು ಹಿಂದಿನ ಅಧ್ಯಕ್ಷರೆಲ್ಲರಿಗಿಂತ ಹೆಚ್ಚಾಗಿ ನ್ಯಾಯಾಲಯಕ್ಕೆಳೆದ ಒಬಾಮಾರವರ ಸರಕಾರವೂ ಶ್ರೀ ಅಸಾಂಜ್‌ರ ವಿಷಯದಲ್ಲಿ ಆ ಗೆರೆಯನ್ನು ದಾಟಲಿಲ್ಲ. ದಾಟಿದ್ದು 2019ರಲ್ಲಿ, ಮುಂದೆ ಬಂದ ಬೈಡನ್‌ರ ಸರಕಾರವೂ ಹಿಂದೆ ಸರಿಯಲಿಲ್ಲ. 89 ವರ್ಷದ ಎಲ್ಸ್‌ಬರ್ಗ್‌ರು 2020ರಲ್ಲಿ ಶ್ರೀ ಅಸಾಂಜ್‌ರ ಪರವಾಗಿ ಸಾಕ್ಷಿ ನುಡಿದರು. ಈ ರಾಜಿಯನ್ನು ನೋಡುವ ಮೊದಲೇ, 2023ರ ಜೂನಿನಲ್ಲಿ, ತೀರಿಕೊಂಡರು.

ಸೈಪಾನಿನಲ್ಲಿ ಶ್ರೀ ಅಸಾಂಜ್‌ರು, ಮೊದಲನೆಯ ತಿದ್ದುಪಡಿ ತಮ್ಮನ್ನು ಕಾಪಾಡುವುದೆಂದು ನಂಬಿ ಕೆಲಸ ಮಾಡಿದೆನೆಂದೂ, ಬೇಹುಗಾರಿಕೆ ಕಾನೂನಿಗೂ ಅದಕ್ಕೂ ವಿರೋಧವಿದೆಯೆಂದೂ, ಆದರೂ ಅಂತಹ ಮೊಕದ್ದಮೆಯನ್ನು ಗೆಲ್ಲುವುದು ಕಷ್ಟವೆಂದೂ ಹೇಳಿ ತಪ್ಪೊಪ್ಪಿಕೊಂಡರು. ಐದು ವರ್ಷ ಸೆರೆಯಲ್ಲಿದ್ದವನಿಗೆ ಮನೆಯ ದಾರಿಯನ್ನು ತೋರಿಸಿ ರುಜು ಕೇಳಿದರೆ ಯಾರಾದರೂ ಹಾಕುತ್ತಾರೆ. ನಾವು ಅವರನ್ನು ದೂರುವುದಿಲ್ಲ. ಹೆಂಡತಿಯೂ ಎರಡು ಚಿಕ್ಕ ಮಕ್ಕಳೂ ಕಾದಿದ್ದರು. ರಾಜಿಯ ತಪ್ಪೊಪ್ಪಿಗೆಯು ಮುಂದಿನ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲವೆಂಬ ಸಮಾಧಾನವೂ ಇದೆ. ಆದರೆ ಗುಟ್ಟಿನ ಕಾಗದವನ್ನು ಪಡೆದು ಪ್ರಕಟಿಸಿದುದು ಬೇಹುಗಾರಿಕೆ ಕಾನೂನಿನಡಿ ಅಪರಾಧವೆಂದು ಪ್ರಕಾಶಕನೇ ಒಪ್ಪಿ ರುಜು ಹಾಕಿದ ಕಾಗದವೊಂದು ಈಗ ಅಮೆರಿಕದ ಸರಕಾರದ ಕಪಾಟಿನಲ್ಲಿದೆ. ಮುಂದೆ ಯಾವ ಸಂಪಾದಕನ ಮೇಜಿನ ಮೇಲೆ ಅಂತಹ ಕಾಗದ ಬಂದರೂ, ಅವನ ವಕೀಲನು ಮೊದಲು ತೆಗೆದು ತೋರಿಸುವುದು ಇದನ್ನೇ. ರಾಜಿಯ ಷರತ್ತಿನಂತೆ, ತಮ್ಮದೇ ಪ್ರಕರಣದ ಕಡತಗಳನ್ನು ಮಾಹಿತಿ ಕಾನೂನಿನಡಿ ಕೇಳುವ ಹಕ್ಕನ್ನೂ ಶ್ರೀ ಅಸಾಂಜ್‌ರು ಬಿಟ್ಟುಕೊಟ್ಟಿದ್ದಾರೆ. ಇದನ್ನು ಅವರೇ 2024ರ ಅಕ್ಟೋಬರ್ 1ರಂದು ಸ್ಟ್ರಾಸ್‌ಬುರ್ಗ್ ನಗರದಲ್ಲಿ ಯುರೋಪ್ ಮಂಡಲಿಯ ಜನಪ್ರತಿನಿಧಿಗಳ ಮುಂದೆ ತಿಳಿಸಿದರು.

ಪರರ ಮನೆಯ ಮಾತು ಇಷ್ಟಾಯಿತು. ಅವರ 1917ರ ಕಾನೂನನ್ನು ಟೀಕಿಸುವ ನಮ್ಮಲ್ಲಿ 1923ರ ಕಾನೂನೊಂದು ಇದೆ. ಅದು ಆಂಗ್ಲರು ಭಾರತೀಯರ ಬಾಯಿಗೆ ಹಾಕಿದ ಸರಕಾರಿ ರಹಸ್ಯಗಳ ಕಾನೂನು. 'ರಹಸ್ಯ'ವೆಂದರೆ ಯಾವುದೆಂದು ಆ ಕಾನೂನಿನಲ್ಲಿ ಎಲ್ಲಿಯೂ ವಿವರಿಸಿಲ್ಲ. ಅದರ ಐದನೆಯ ಕಲಮಿನಂತೆ ಗುಟ್ಟನ್ನು ಕೊಟ್ಟವನಷ್ಟೇ ಅಲ್ಲ, ಕಾನೂನು ಮೀರಿ ಬಂದುದೆಂದು ತಿಳಿದೂ ಪಡೆದವನೂ ಅಪರಾಧಿ. ಮೂರು ವರ್ಷಗಳವರೆಗೆ ಸೆರೆ. ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಲೂ ಅವಕಾಶವಿದೆ. ಅಮೆರಿಕವು ನೂರು ವರ್ಷ ತಡೆದು ದಾಟಿದ ಗೆರೆ ನಮ್ಮ ಕಾನೂನಿನಲ್ಲಿ ಎಳೆದೇ ಇಲ್ಲ.

ವಿಕಿಲೀಕ್ಸಿನ ಬಿಸಿ ನಮಗೂ ತಗಲಿತ್ತು. 2011ರ ಮಾರ್ಚಿನಲ್ಲಿ ಮದರಾಸಿನ ಹಿಂದೂ ಪತ್ರಿಕೆಯು ಭಾರತಕ್ಕೆ ಸಂಬಂಧಿಸಿದ ಐದು ಸಾವಿರಕ್ಕೂ ಮಿಕ್ಕ ಪತ್ರಗಳನ್ನು ಪಡೆದು ದಿನದಿನವೂ ಪ್ರಕಟಿಸಿತು. 2008ರ ವಿಶ್ವಾಸಮತದ ಸಮಯದಲ್ಲಿ ಸದಸ್ಯರನ್ನು ಕೊಳ್ಳಲೆಂದು ಇಟ್ಟ ಹಣದ ಪೆಟ್ಟಿಗೆಗಳನ್ನು ತಮಗೆ ತೋರಿಸಿದರೆಂದು ಅಮೆರಿಕದ ರಾಯಭಾರಿ ಕಚೇರಿಯವರು ಬರೆದ ಪತ್ರವೂ ಅದರಲ್ಲಿತ್ತು. ಹೆಸರಿಸಲ್ಪಟ್ಟವರು ಅಲ್ಲಗಳೆದರು, ಪ್ರಧಾನಿ ಮನಮೋಹನ ಸಿಂಗರು ಲೋಕಸಭೆಯಲ್ಲಿ ಹೇಳಿಕೆ ಕೊಡಬೇಕಾಯಿತು. ನಮ್ಮ ಸಂಸತ್ತಿನ ಸುದ್ದಿ ನಮಗೆ ವಾಷಿಂಗ್ಟನ್ನಿನ ಕಪಾಟಿನ ಮೂಲಕ ತಿಳಿಯಬೇಕಾದ ಸ್ಥಿತಿ ನಗೆ ತರಿಸುವಂತಹದು. ಗುಟ್ಟು ಪರರದಾಗಿದ್ದುದರಿಂದ ಆಗ ನಮ್ಮ ರಹಸ್ಯ ಕಾನೂನು ಎಚ್ಚರಗೊಳ್ಳಲಿಲ್ಲ.

ಗುಟ್ಟು ನಮ್ಮದೇ ಆದಾಗ ಎಚ್ಚರಗೊಂಡಿತು. 2019ರಲ್ಲಿ ಅದೇ ಪತ್ರಿಕೆ ರಫಾಲ್ ವಿಮಾನಗಳ ಖರೀದಿಯ ಕಾಗದಗಳನ್ನು ಪ್ರಕಟಿಸಿದಾಗ, ಅವು ರಕ್ಷಣಾ ಇಲಾಖೆಯಿಂದ ಕಳವಾದ ಕಾಗದಗಳೆಂದೂ 1923ರ ಕಾನೂನು ಅನ್ವಯಿಸುವುದೆಂದೂ ಅಟಾರ್ನಿ ಜನರಲ್‌ರು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು. ಎರಡು ದಿನಗಳ ಮೇಲೆ, ಕಳವಾದದ್ದು ಮೂಲವಲ್ಲ, ನಕಲು ಮಾತ್ರವೆಂದರು. ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳು ಒಮ್ಮತದಿಂದ, ಆ ಕಾಗದಗಳನ್ನು ನೋಡಲು ಅಡ್ಡಿಯಿಲ್ಲವೆಂದು ತೀರ್ಪಿತ್ತರು. ಅಮೆರಿಕದ 1971ರ ತೀರ್ಪನ್ನೂ ನೆನೆದರು. ನವೆಂಬರಿನಲ್ಲಿ ಖರೀದಿಯ ತಕರಾರನ್ನು ನ್ಯಾಯಾಲಯ ತಳ್ಳಿಹಾಕಿತೆಂಬುದನ್ನೂ ಹೇಳಬೇಕು. ದೊಡ್ಡ ಪತ್ರಿಕೆಗೆ ದೊಡ್ಡ ವಕೀಲರಿದ್ದರು. ದಿಲ್ಲಿಯ ಪತ್ರಕರ್ತ ಶ್ರೀ ಇಫ್ತಿಕಾರ್ ಗಿಲಾನಿಯವರಿಗೆ ಅಂತಹ ಭಾಗ್ಯವಿರಲಿಲ್ಲ. 2002ರ ಜೂನಿನಲ್ಲಿ ಅವರ ಗಣಕಯಂತ್ರದಲ್ಲಿ ಕಾಶ್ಮೀರದಲ್ಲಿರುವ ಸೈನ್ಯದ ಬಗೆಗಿನ ಒಂದು ಬರಹ ಸಿಕ್ಕಿತೆಂದು ಹಿಡಿದು ತಿಹಾರ್ ಸೆರೆಮನೆಯಲ್ಲಿಟ್ಟರು. ಅದು ಪಾಕಿಸ್ತಾನದ ಸಂಸ್ಥೆಯೊಂದು ಬಹಿರಂಗವಾಗಿ ಅಚ್ಚು ಹಾಕಿಸಿದ್ದ ಬರಹ. ಯಾರು ಬೇಕಾದರೂ ಓದಬಹುದಾಗಿದ್ದ ಆ ಬರಹ ಗುಟ್ಟಲ್ಲವೆಂದು ಒಪ್ಪಿ ಸರಕಾರ ಮೊಕದ್ದಮೆಯನ್ನು ಹಿಂದೆಗೆದುಕೊಳ್ಳಲು ಏಳು ತಿಂಗಳು ಬೇಕಾಯಿತು. ಅಷ್ಟರಲ್ಲಿ ದೇಶದ್ರೋಹಿಯೆಂದು ಸಹಕೈದಿಗಳ ಕೈಯಲ್ಲಿ ಅವರು ಹೊಡೆತ ತಿಂದಿದ್ದರು.

ನಿಜವಾಗಿ ಕಾಪಾಡಬೇಕಾದ ಗುಟ್ಟನ್ನು ಸರಕಾರ ಹೇಗೆ ಕಾಪಾಡುತ್ತದೆಂಬುದಕ್ಕೆ ಶ್ರೀ ಸತ್ಯೇಂದ್ರ ದುಬೆಯವರ ಕಥೆ ಸಾಕು. ಬಿಹಾರದಲ್ಲಿ ಹೆದ್ದಾರಿಯ ಕೆಲಸದಲ್ಲಿದ್ದ ಆ ತರುಣ ಇಂಜಿನಿಯರರು 2002ರಲ್ಲಿ ಅಲ್ಲಿಯ ಅವ್ಯವಹಾರಗಳನ್ನು ಪ್ರಧಾನಿಗಳಿಗೆ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಬೇಡಿಕೊಂಡಿದ್ದರು. ಪತ್ರವು ಹೆಸರಿನೊಂದಿಗೇ ಮೇಜಿನಿಂದ ಮೇಜಿಗೆ ನಡೆಯಿತು. 2003ರ ನವೆಂಬರ್ 27ರಂದು ಗಯಾ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ತನಿಖೆಯವರು ಅದನ್ನು ದರೋಡೆಯ ಕೊಲೆಯೆಂದರು. ಹಾಗೆಯೇ ಇದ್ದೀತು, ಆದರೆ ಬೇಡಿದ ಒಂದೇ ಒಂದು ಗುಟ್ಟು ಉಳಿಯಲಿಲ್ಲ. ಇಂಥವರನ್ನು ರಕ್ಷಿಸಲೆಂದು ಮಾಡಿದ ಕಾನೂನಿಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರಲಿಲ್ಲ.

ಸರಕಾರಕ್ಕೆ ಗುಟ್ಟೇ ಬೇಡವೆಂಬ ಅವಿವೇಕದ ಮಾತನ್ನು ನಾವು ಆಡುವುದಿಲ್ಲ. ಗಡಿಯಲ್ಲಿ ಸೈನ್ಯವೆಲ್ಲಿದೆ, ಬೇಹಿನವನು ಯಾರು, ನಾಳೆ ಎಲ್ಲಿ ದಾಳಿ, ಇವು ಗುಟ್ಟಾಗಿಯೇ ಇರಬೇಕು. ಶತ್ರುವಿಗೆ ಮಾರಿದವನಿಗೆ ಕಠಿಣ ಶಿಕ್ಷೆಯೂ ಆಗಬೇಕು. 1923ರ ಕಾನೂನಿನ ಮೂರನೆಯ ಕಲಮು ಅದಕ್ಕಾಗಿಯೇ ಇದೆ, ಹದಿನಾಲ್ಕು ವರ್ಷಗಳವರೆಗೆ ಸೆರೆಯಿದೆ. ನಾವು ಕೇಳುವುದು ಐದನೆಯ ಕಲಮಿನ ವಿಚಾರ. ಗುಟ್ಟೆಂದರೆ ಯಾವುದೆಂದು ಸಂಸತ್ತು ಬರೆದಿಡಲಿ. ಪ್ರಕಟವಾದುದರಿಂದ ದೇಶಕ್ಕಾದ ಕೇಡನ್ನು ಸರಕಾರವೇ ಸಿದ್ಧಪಡಿಸಲಿ. ಜನಹಿತಕ್ಕಾಗಿ ಅಚ್ಚು ಹಾಕಿದೆನೆನ್ನುವವನಿಗೆ ಅದನ್ನು ನ್ಯಾಯಾಲಯದಲ್ಲಿ, ಬಾಗಿಲು ತೆರೆದು, ಹೇಳಿಕೊಳ್ಳಲು ಎಡೆಯಿರಲಿ. 2005ರ ಮಾಹಿತಿ ಹಕ್ಕಿನ ಕಾನೂನು ತನ್ನ ಎಂಟನೆಯ ಕಲಮಿನಲ್ಲಿ, ಜನಹಿತವು ಹೆಚ್ಚಿನದಾದರೆ ರಹಸ್ಯ ಕಾನೂನಿಗೂ ಮೀರಿ ಮಾಹಿತಿ ಕೊಡಬಹುದೆಂದು ಒಪ್ಪಿದೆ. ಅರ್ಜಿ ಹಾಕಿದವನಿಗೆ ಇರುವ ಈ ನ್ಯಾಯ ಅಚ್ಚು ಹಾಕಿದವನಿಗೂ ಏಕಿರಬಾರದು?

ಎರಡನೆಯ ಆಡಳಿತ ಸುಧಾರಣಾ ಆಯೋಗವು ಈ ಹಳೆಯ ಕಾನೂನನ್ನು ರದ್ದು ಮಾಡಬೇಕೆಂದು 2006ರಲ್ಲಿಯೇ ಶಿಫಾರಸು ಮಾಡಿತ್ತು. 2015ರಲ್ಲಿ ಮತ್ತೊಂದು ಸಮಿತಿ ಕುಳಿತಿತು. 2017ರಲ್ಲಿ ವರದಿ ಕೊಟ್ಟಿತು. ಶ್ರೀ ಅಸಾಂಜ್‌ರು ಮನೆ ಸೇರಿದ ಐದೇ ದಿನಗಳ ಮೇಲೆ, 2024ರ ಜುಲೈ 1ರಂದು, ಪರಕೀಯರ ಕಾಲದ ದಂಡಸಂಹಿತೆಯನ್ನು ತೆಗೆದುಹಾಕಿ ನಮ್ಮದೇ ಆದ ನ್ಯಾಯಸಂಹಿತೆಯನ್ನು ತಂದೆವೆಂದು ಕೇಂದ್ರ ಸರಕಾರ ಹೆಮ್ಮೆಪಟ್ಟಿತು. ಅದೇ ಪರಕೀಯರ ಅದೇ ಕಾಲದ ರಹಸ್ಯ ಕಾನೂನಿನ ಒಂದಕ್ಷರವನ್ನೂ ಆ ದಿನ ಯಾರೂ ಮುಟ್ಟಲಿಲ್ಲ.